ನೀಲಕ್ಕನ ಪೆನ್‌ಡ್ರೈವ್

ತೂಕದ ವಿಭಾಗದ ಗಿರೀಶನಿಗೆ ಆ ದಿನ ಇಂಟರ್ನೆಟ್ ನಿಧಾನ ಅನ್ನಿಸಿತು. ಎಲ್ಲದಕ್ಕೂ ಮೂಲ ಅದೇ. ಮೊಬೈಲಿನಲ್ಲಿ ಯಾವುದೋ ವಿಡಿಯೊ ನೋಡಿದವನೇ, ಮೂಲೆಯ ಫೈರ್‌ವಾಲ್ ಪೆಟ್ಟಿಗೆಯ ಸಣ್ಣ ತೂತಿಗೆ ಸೇಫ್ಟಿ ಪಿನ್ನು ಚುಚ್ಚಿ ಹತ್ತು ಎಣಿಸಿದ. ಶಿರಸಿಯ ಅಡಿಕೆ ಸಹಕಾರಿ ಸಂಘದ ಕಂಪ್ಯೂಟರುಗಳನ್ನು ಹೊರಗಿನ ಕಳ್ಳರಿಂದ ಕಾಯುವ ಪೆಟ್ಟಿಗೆ ಅದು. ಹತ್ತು ಎಣಿಸುವಷ್ಟರಲ್ಲಿ ಅದು ತಾನು ಕಲಿತದ್ದನ್ನೆಲ್ಲ ಮರೆತು ಹಸುಗೂಸಾಯಿತು; ಇಡೀ ಸಂಘದ ಇಂಟರ್ನೆಟ್ಟೇ ನಿಂತಿತು.

ಕಂಪ್ಯೂಟರು ನೋಡಿಕೊಳ್ಳುವ ನಾಗಪತಿ ಓಡಿ ಬಂದ. "ಎಂತ ಮಾಡ್ದೆ ಮಾರಾಯ?"

"ನಿಂಗೆ ಸಹಾಯ ಮಾಡನ ಅಂತ..." ಗಿರೀಶ ಪಿನ್ನನ್ನು ಬೆನ್ನ ಹಿಂದೆ ಅಡಗಿಸಿದ.

ಒಂದು ಗಂಟೆಗೆ ಅಡಿಕೆ ಟೆಂಡರು. ವ್ಯಾಪಾರಿಗಳು ಕಂಪ್ಯೂಟರಿನಲ್ಲೇ ದರ ಹಾಕಬೇಕು. ಮತ್ತಿಘಟ್ಟದಿಂದ ಅಡಿಕೆ ತಂದಿದ್ದ ಹುಚ್ಚ ಎಂಬ ರೈತ ಬೆಳಗಿನಿಂದ ತನ್ನ ಚೀಲಗಳ ಮೇಲೇ ಕೂತಿದ್ದ. "ಇವತ್ತು ಆಗ್ದಿದ್ರೆ ಇಷ್ಟೂ ಚೀಲ ವಾಪಸ್ ಹೊತ್ಕಂಡು ಹೋಗ್ಬೇಕಲ್ರೋ!"

ನಾಗಪತಿ ಮೊದಲಿಗೆ ಹೆದರಲಿಲ್ಲ. ಪೆಟ್ಟಿಗೆಯ ಎಲ್ಲ ಸೆಟ್ಟಿಂಗುಗಳ ಪ್ರತಿಯನ್ನು ಅವನು ಪ್ರತಿ ತಿಂಗಳೂ ತಪ್ಪದೆ ಹುಬ್ಬಳ್ಳಿಯ ಸರ್ವರಿನಲ್ಲಿ ಇಡುತ್ತಿದ್ದ. ಅಲ್ಲಿಗೆ ಹೋಗುವ ದಾರಿ ಇರುವುದು ಈ ಪೆಟ್ಟಿಗೆಯ ಮೂಲಕವೇ ಎಂಬುದು ಹೊಳೆದಾಗ, ಕಪಾಟಿನ ಕೀಲಿಯನ್ನು ಕಪಾಟಿನೊಳಗೇ ಇಟ್ಟು ಬಾಗಿಲು ಹಾಕಿದವನಂತೆ ಕೂತುಬಿಟ್ಟ.

ಮ್ಯಾನೇಜರ್ ಬಸವರಾಜ ಹಾವೇರಿ ಕಡೆಯವರು. "ಲಗೂನ ಏನಾರ ಮಾಡ್ರಿ, ಮಂದಿ ಕಾಯಕತ್ತಾರ!"

ಒಬ್ಬರು ಪೆಟ್ಟಿಗೆಗೆ ಫ್ಯಾನು ಹಿಡಿದರು. ಇನ್ನೊಬ್ಬರು ತಟ್ಟಿದರು. ಗಿರೀಶ ಮತ್ತೊಂದು ವಿಡಿಯೊ ಹುಡುಕತೊಡಗಿದಾಗ ನಾಗಪತಿ ಅವನ ಮೊಬೈಲನ್ನೇ ಕಿತ್ತುಕೊಂಡ.

ಆಗ ಕಡತ ವಿಭಾಗದ ನೀಲಕ್ಕ ಬೀರು ತೆರೆದು ಒಂದು ಲಕೋಟೆ ತಂದಳು. ಒಳಗಿದ್ದ ಪೆನ್‌ಡ್ರೈವಿನ ಮೇಲೆ ಮೂರು ಆಯುಧಪೂಜೆಯ ಕುಂಕುಮ. "ನಿನ್ನ ಮುಂಚೆ ಇದ್ದ ರವೀಂದ್ರ ಯಲ್ಲಾಪುರ ಶಾಖೆಗೆ ಹೋಗಕಾದ್ರೆ ಕೊಟ್ಟಿದ್ದ. ಪೆಟ್ಟಿಗೆ ಪ್ರತಿ, ಜೋಪಾನ ಅಂತ ಹೇಳಿದ್ದ."

ನಾಗಪತಿ ಕುಂಕುಮ ಒರೆಸಿ ಚುಚ್ಚಿದ. ಹಳೆಯ ಸೆಟ್ಟಿಂಗುಗಳು ಒಂದೊಂದಾಗಿ ಪೆಟ್ಟಿಗೆಗಿಳಿದವು. ಹನ್ನೆರಡು ಐವತ್ತಕ್ಕೆ ಹಸಿರು ದೀಪ ಹತ್ತಿತು.

ಟೆಂಡರು ಸುಸೂತ್ರ ಮುಗಿಯಿತು. ಹುಚ್ಚ ಬಂದು ನಾಗಪತಿಯ ಎರಡೂ ಕೈ ಹಿಡಿದುಕೊಂಡ. "ನಿಮ್ಮ ಉಪಕಾರ ಮರೆಯಲ್ಲ ಒಡೆಯ." ಗಿರೀಶ ಎಲ್ಲರಿಗೂ ಮಂಡಕ್ಕಿ ತರಿಸಿದ. ನಾಗಪತಿ ನೀಲಕ್ಕನ ಕಾಲು ಮುಟ್ಟಲು ಬಗ್ಗಿದ. "ನೀನಿಲ್ದೇ ಇದ್ರೆ ಇವತ್ತು ಯನ್ನ ಕಥೆ ಮುಗ್ದಿತ್ತೇ ಅಕ್ಕಾ."

ಇನ್ನು ತಡ ಮಾಡಬಾರದು, ಈಗಲೇ ಹೊಸ ಪ್ರತಿ ತೆಗೆದು ಕೈಯಳತೆಯಲ್ಲೇ ಇಡಬೇಕು ಎಂದುಕೊಂಡು ಅವನು ಪೆಟ್ಟಿಗೆಗೆ ತನ್ನ ಪಾಸ್‌ವರ್ಡ್ ಹಾಕಿದ. ತಪ್ಪು ಎಂದಿತು. ಮತ್ತೆ ಹಾಕಿದ. ಮತ್ತೆ ತಪ್ಪು. ಆಗ ಹೊಳೆಯಿತು. ಹಳೆಯ ಸೆಟ್ಟಿಂಗಿನ ಜೊತೆ ರವೀಂದ್ರನ ಕಾಲದ ಪಾಸ್‌ವರ್ಡೂ ವಾಪಸ್ ಬಂದು ಕೂತಿತ್ತು; ಆ ಕಾಲದ ಸೆಟ್ಟಿಂಗಿನಲ್ಲಿ ಹುಬ್ಬಳ್ಳಿಯ ಸರ್ವರಿಗೆ ದಾರಿಯೂ ಇರಲಿಲ್ಲ!

ಹೊರಗೆ ಹೋಗಿ ಯಲ್ಲಾಪುರಕ್ಕೆ ಫೋನು ಮಾಡಿದ. "ರವೀಂದ್ರಣ್ಣಾ, ನಿನ್ನ ಪೆನ್‌ಡ್ರೈವು ಜೀವ ಉಳಸ್ತು. ಅದರ ಪಾಸ್‌ವರ್ಡ್ ಒಂದು ಹೇಳು."

ಆ ಕಡೆ ರವೀಂದ್ರ ದನಿ ತಗ್ಗಿಸಿದ.

"ತಮಾ, ಅದು ಯಂಗೂ ನೆನಪಿಲ್ಲೆ. ಅದ್ಕೇ ಅಲ್ದನಾ ಆನು ಬೇಡ್ಕಂಡು ಟ್ರಾನ್ಸ್‌ಫರ್ ತಗಂಡಿದ್ದು!"

ಅಷ್ಟರಲ್ಲಿ ಬಸವರಾಜರು ಬಂದು ಹೆಗಲ ಮೇಲೆ ಕೈಯಿಟ್ಟರು. ಅವರ ಕಣ್ಣಲ್ಲಿ ನೀರೇ ಇತ್ತು. "ಸಂಘದ ಮರ್ಯಾದಿ ಉಳಿಸಿದ್ರಿ. ಏನ್ ಬೇಕು ಕೇಳ್ರಿ ನಾಗಪತಿ."

"ಯಲ್ಲಾಪುರದಲ್ಲಿ ಇನ್ನೊಂದು ಜಾಗ ಖಾಲಿ ಇದ್ಯಾ ಸರ್?"

"ಛೇ ಛೇ! ನಿಮ್ಮಂಥಾವ್ರನ್ನ ಬಿಟ್ಟುಕೊಡ್ತೀವೇನ್ರಿ? ರಿಟೈರ್ ಆಗೋತನಕ ಈ ಪೆಟ್ಟಿಗಿ ನಿಮ್ದೇ!"