ಊರನ್ನೇ ಬುಟ್ಟಿಗೆ ಹಾಕಿಕೊಂಡದ್ದು

ಈ ಬೇಸಿಗೆ ಮುಗಿಯುವುದರೊಳಗೆ ಇಡೀ ಹೌಕಿಲಾ ಊರನ್ನು ಬುಟ್ಟಿಗೆ ಹಾಕಿಕೊಳ್ಳದಿದ್ದರೆ ನನ್ನ ಹೆಸರು ರೇಯೊ ಅಲ್ಲ! ಹೀಗೆಂದು ಹೋದ ವರ್ಷ ಜೂನ್ ತಿಂಗಳಲ್ಲಿ, ನಮ್ಮ ಹಬೆಕೋಣೆ ಸೌನಾದಲ್ಲಿ ಕುಳಿತು, ಮೈಯೆಲ್ಲ ಬೆವರಾಗಿ ಪ್ರತಿಜ್ಞೆ ಮಾಡಿದೆ. ಸಾಕ್ಷಿಗೆ ಇದ್ದವಳು ನನ್ನ ಹೆಂಡತಿ ಹಿಲ್ಕ ಒಬ್ಬಳೇ.

"ಯಾವ ಬುಟ್ಟಿಗೆ?" ಎಂದಳು.

"ಡಿಸ್ಕ್ ಗಾಲ್ಫ್ ಬುಟ್ಟಿಗೆ ಕಣೆ! ನಮ್ಮೂರ ಕಾಡಲ್ಲಿ ಒಂಬತ್ತು ಬುಟ್ಟಿ ನಿಲ್ಲಿಸ್ತೀನಿ, ನೋಡ್ತಿರು!"

"ಮನೇಲಿ ಉಂಡ ತಟ್ಟೆ ಎತ್ತಿಡೋಕೆ ಆಗಲ್ಲ, ಕಾಡಲ್ಲಿ ತಟ್ಟೆ ಎಸೀತಾನಂತೆ!" ಎಂದು ಅವಳು ಕಾದ ಕಲ್ಲುಗಳ ಮೇಲೆ ಇನ್ನೊಂದು ಸೌಟು ನೀರು ಸುರಿದಳು. ನನ್ನ ಬಾಯಿ ಮುಚ್ಚಿಸಲು ಅವಳು ಬಳಸುವ ಹಳೆಯ ಅಸ್ತ್ರ ಅದು.

ನಾನೇನು ಕೇಳಬಾರದ್ದನ್ನು ಕೇಳಿದೆನೇ? ಕೈಯಲ್ಲೊಂದು ಪ್ಲಾಸ್ಟಿಕ್ ತಟ್ಟೆ, ಮರಗಳ ಆಚೆ ಸರಪಳಿ ಇಳಿಬಿಟ್ಟ ಕಬ್ಬಿಣದ ಬುಟ್ಟಿ, ಕಡಿಮೆ ಎಸೆತದಲ್ಲಿ ತಟ್ಟೆಯನ್ನು ಬುಟ್ಟಿಗೆ ಬೀಳಿಸಿದವನು ಗೆದ್ದ. ಇಷ್ಟೇ! ಪಕ್ಕದ ಮೂರಲಾದಲ್ಲಿ ಹದಿನೆಂಟು ಬುಟ್ಟಿಗಳಿವೆ. ಆಡಬೇಕೆಂದರೆ ನಾನು ಇಪ್ಪತ್ತೆರಡು ಕಿಲೋಮೀಟರ್ ಕಾರು ಓಡಿಸಿಕೊಂಡು ಅಲ್ಲಿಗೇ ಹೋಗಬೇಕು. ಹೋದ ಕೂಡಲೇ "ಬಂದ್ರಪ್ಪ, ಬುಟ್ಟಿ ಇಲ್ಲದ ಊರಿನವರು!" ಎಂಬ ಸ್ವಾಗತ. ಮೂವತ್ತು ವರ್ಷ ಸರ್ಕಾರಿ ಸರ್ವೆಯರನಾಗಿ ಈ ಸೀಮೆಯ ಇಂಚಿಂಚು ಅಳೆದ ನನಗೆ ಈ ಅವಮಾನ ಸಲ್ಲುತ್ತದೆಯೇ?

ಹಠ ಹಿಡಿದು ನಕ್ಷೆ ಬರೆದೆ. ಅದು ಬರೀ ನಕ್ಷೆಯಲ್ಲ, ಮಹಾಕಾವ್ಯ! ಒಂದೊಂದು ಬುಟ್ಟಿಯ ಜಾಗವನ್ನೂ ಗೇಣು ಆಚೀಚೆಯಾಗದಂತೆ ಗುರುತು ಮಾಡಿದೆ. ಪುರಸಭೆಯವರು, "ಚೆನ್ನಾಗಿದೆ, ಊರವರ ಆಕ್ಷೇಪಣೆ ಇದ್ದರೆ ಒಂದು ತಿಂಗಳೊಳಗೆ ಬರಲಿ" ಎಂದರು. ಆಕ್ಷೇಪಣೆ? ಯಾರು ಮಾಡುತ್ತಾರೆ, ಎಂದು ನಾನು ನಕ್ಕೆ.

ಒಂಬತ್ತು ಬುಟ್ಟಿಗೆ ಒಂಬತ್ತು ಆಕ್ಷೇಪಣೆ ಬಂದವು! ಲೆಕ್ಕ ಹಾಕಿ ಹಂಚಿಕೊಂಡವರ ಹಾಗೆ, ತಲೆಗೊಂದು!

ಬೇಟೆ ಸಂಘದ ಎಸ್ಕೊ, "ಎರಡನೇ ಬುಟ್ಟಿ ಹತ್ರ ಹಾರುವ ಅಳಿಲಿದೆ" ಎಂದು ಬರೆದಿದ್ದ. ಹಾರುವ ಅಳಿಲಿನ ಗೂಡಿದ್ದರೆ ನಮ್ಮ ದೇಶದ ಕಾನೂನಿನಂತೆ ಹೆದ್ದಾರಿಯೂ ಸುತ್ತು ಹಾಕಿಕೊಂಡು ಹೋಗಬೇಕು. ಆದರೆ ನಮ್ಮ ಕಾಡಿನಲ್ಲಿ ನಲವತ್ತು ವರ್ಷಗಳಿಂದ ಅದರ ಬಾಲವನ್ನೂ ಯಾರೂ ಕಂಡಿರಲಿಲ್ಲ. ಈಗ ನೋಡಿದರೆ ಏಳು ಜನರ ಅರ್ಜಿಯಲ್ಲಿ ಏಳು ಅಳಿಲು! ಎಂಬತ್ತಾರು ವರ್ಷದ ಒನೆರ್ವಜ್ಜಿ, ಒಂದು ಕಾಲಕ್ಕೆ ಊರಿಗೆಲ್ಲ ಅಂಚೆ ಹಂಚಿದವರು, ಕಣ್ಣೀರಿನ ಪತ್ರವನ್ನೇ ಬರೆದಿದ್ದರು: ತೀರಿಹೋದ ಗಂಡ ನಾಲ್ಕನೇ ಬುಟ್ಟಿಯ ಪಕ್ಕದ ಬಂಡೆಯ ಮೇಲೆಯೇ ತಮ್ಮನ್ನು ಮದುವೆಯಾಗೆಂದು ಕೇಳಿದ್ದಂತೆ!

ಒಂಬತ್ತನೆಯ ಅರ್ಜಿಯ ಕೆಳಗಿನ ಸಹಿ ನೋಡಿ ನನ್ನ ಕಾಫಿ ಮೂಗಿಗೆ ಏರಿತು. ಅದು ನನ್ನ ಹೆಂಡತಿಯದು!

"ಹಿಲ್ಕ! ಏನಿದು? ಏಳನೇ ಬುಟ್ಟಿ ಬೇಡ ಅಂತ ಬರೆದಿದ್ದೀಯಾ?"

"ಹೌದು. ಅಲ್ಲಿ ಹಾವಿದೆ."

"ನೀನು ಅಲ್ಲಿಗೆ ಯಾಕೆ ಹೋಗಿದ್ದೆ?"

"ಸುಮ್ನೆ."

"ಸುಮ್ನೆ ಯಾರಾದ್ರೂ ಹಾವಿರೋ ಕಡೆ ಹೋಗ್ತಾರಾ?"

"ಸುಮ್ನೆ ಯಾರಾದ್ರೂ ಕಾಡಲ್ಲಿ ತಟ್ಟೆ ಎಸೀತಾರಾ?" ಎಂದು ಇನ್ನೊಂದು ಬನ್ನು ನನ್ನ ಮುಂದಿಟ್ಟಳು. ಮನೆಯೊಳಗೇ ಹಿತಶತ್ರು!

ನನಗೆ ಪಿತ್ತ ನೆತ್ತಿಗೇರಿತು. ಸುಳ್ಳು ಹೇಳಲೂ ಒಂದು ಮಿತಿ ಬೇಡವೇ? ಹದಿನೆಂಟು ಬುಟ್ಟಿಯ ಮೂರಲಾ ನಮ್ಮನ್ನು ನೋಡಿ ನಗುತ್ತಿರುವಾಗ ಇವರಿಗೆ ಅಳಿಲಿನ ಚಿಂತೆ! ಇವರ ಮಾನ ಹರಾಜು ಹಾಕದೆ ಬಿಡುವುದಿಲ್ಲ ಎಂದುಕೊಂಡೆ. ನಕ್ಷೆಯನ್ನು ಹಾಸಿಗೆಯಷ್ಟು ದೊಡ್ಡದಾಗಿ ಮುದ್ರಿಸಿ, ತಕರಾರಿನ ಒಂಬತ್ತು ಜಾಗಗಳಿಗೂ ಕೆಂಪು ವೃತ್ತ ಎಳೆದು, ಪಕ್ಕದಲ್ಲಿ ತಕರಾರು ಮಾಡಿದವರ ಹೆಸರು ಬರೆದು, ಗ್ರಂಥಾಲಯದ ಗೋಡೆಗೆ ಅಂಟಿಸಿದೆ. "ಊರ ಏಳಿಗೆಗೆ ಇವರು ಅಡ್ಡ!" ಎಂದು ಮೇಲೆ ತಲೆಬರಹ. ಹೆಂಡತಿಯೆಂದು ರಿಯಾಯಿತಿ ತೋರಲಿಲ್ಲ. ಏಳನೇ ವೃತ್ತದ ಪಕ್ಕ "ಹಿಲ್ಕ" ಎಂದು ದಪ್ಪಕ್ಷರದಲ್ಲೇ ಬರೆದೆ. ಅದನ್ನು ನೋಡಿ ಅವಳು ಸಿಟ್ಟಾಗಲಿಲ್ಲ. ನಕ್ಕಳು! ಆಗಲೇ ನನಗೆ ಅನುಮಾನ ಬರಬೇಕಿತ್ತು.

ಜನ ಬಂದರು, ಬಂದೇ ಬಂದರು! ಪುಸ್ತಕ ಮುಟ್ಟದವರೆಲ್ಲ ಗ್ರಂಥಾಲಯಕ್ಕೆ ಬಂದು ನಕ್ಷೆಯ ಮುಂದೆ ನಿಂತರು, ಫೋಟೋ ತೆಗೆದುಕೊಂಡರು. ಮೂರಲಾದಿಂದಲೂ ನಾಲ್ಕು ಕಾರು ಬಂದವು. ನ್ಯಾಯಕ್ಕೆ ಇನ್ನೂ ಬೆಲೆಯಿದೆ ಎಂದು ನನ್ನ ಎದೆ ಉಬ್ಬಿತು. ಅದು ಆಗಸ್ಟ್ ತಿಂಗಳು, ಹಿಂದಿನ ವಾರವಷ್ಟೇ ಒಳ್ಳೆಯ ಮಳೆಯಾಗಿತ್ತು. ಇವೆರಡನ್ನೂ ನಾನು ಗಮನಿಸಲಿಲ್ಲ.

ಮರುದಿನ ಬೆಳಿಗ್ಗೆ ಒನೆರ್ವಜ್ಜಿಯ ಫೋನು.

"ರೇಯೊ! ನನ್ನ ಬಂಡೆ ಹತ್ರ ಮೂರಲಾದವಳೊಬ್ಬಳು ಬುಟ್ಟಿ ಹಿಡ್ಕೊಂಡು ಬಗ್ಗಿದಾಳೆ ಕಣೋ!"

"ಆಹಾ, ಬುಟ್ಟಿ ಅವರೇ ತಂದ್ರಾ ಅಜ್ಜಿ? ಆಟದ ಮೇಲೆ ಎಷ್ಟು ಆಸೆ ನೋಡಿ!"

"ಆಟ ಅಲ್ವೋ ಪೆದ್ದು ಮುಂಡೇದೇ! ಅಣಬೆ! ನನ್ನ ಹಳದಿ ಅಣಬೆ!"

ಆಗ ನನಗೆ ಹೊಳೆಯಿತು. ನಮ್ಮಲ್ಲಿ ಕಾಡಿನ ಅಣಬೆಯನ್ನು ಯಾರು ಬೇಕಾದರೂ ಕೀಳಬಹುದು. ಆದ್ದರಿಂದಲೇ ಅದು ಬೆಳೆಯುವ ಜಾಗವನ್ನು ಮಾತ್ರ ಯಾರೂ ಯಾರಿಗೂ ಹೇಳುವುದಿಲ್ಲ. ಮನೆಯ ಬೀಗದ ಕೈ ಕೊಟ್ಟಾರು, ಅಣಬೆಯ ಜಾಗ ಹೇಳರು. ನಾನೋ, ಕಾಡಿನಲ್ಲಿ ಮೇಲೆ ನೋಡುವವನು. ತಟ್ಟೆ ಯಾವ ಕೊಂಬೆಗೆ ಸಿಕ್ಕಿತು ಎಂಬುದೇ ನನ್ನ ಚಿಂತೆ. ಊರವರು ಕೆಳಗೆ ನೋಡುವವರು; ಅಳಿಲು, ಬಂಡೆ ಎಲ್ಲ ಬರೀ ನೆಪ. ತಲೆತಲಾಂತರದಿಂದ ಕಾಪಾಡಿದ ಗುಟ್ಟನ್ನು, ಹೆಸರು ಸಮೇತ, ಸರ್ವೆಯರನ ನಿಖರತೆಯಲ್ಲಿ, ಗೋಡೆಗೆ ಅಂಟಿಸಿಬಿಟ್ಟಿದ್ದೆ!

ಅಂದು ಸಂಜೆಯೇ ಪುರಸಭೆಯಲ್ಲಿ ವಿಚಾರಣೆ. ಇಡೀ ಊರು ನನ್ನನ್ನು ದುರುಗುಟ್ಟಿ ನೋಡುತ್ತಿತ್ತು. ಆದರೆ ನನಗೂ ರೋಷವಿತ್ತು. "ನೀವೆಲ್ಲ ಸುಳ್ಳು ಹೇಳಿದ್ದಕ್ಕೆ ತಾನೇ ಹೀಗಾಗಿದ್ದು? ಅಜ್ಜಿ, ನಿಮ್ಮ ಗಂಡ ಮದುವೆ ಮಾತಾಡಿದ ಬಂಡೆ ಅಂದಿರಲ್ಲ!"

"ಅವನಿಗೆ ಆ ಬಂಡೆ ಎಲ್ಲಿದೆ ಅಂತಾನೇ ಗೊತ್ತಿರಲಿಲ್ಲ!" ಎಂದು ಅಜ್ಜಿ ಎದ್ದು ನಿಂತರು. "ಪ್ರಾಣ ಬಿಡೋ ಹೊತ್ತಲ್ಲಿ ಪಾಪ ಕೇಳಿದ, 'ಈಗಲಾದ್ರೂ ಹೇಳೇ' ಅಂತ. 'ಮೊದಲು ನೀನು ಹೊರಡು, ಆಮೇಲೆ ಹೇಳ್ತೀನಿ' ಅಂದೆ. ಅಂಥಾ ಜಾಗ ಕಣೋ ಅದು!"

ಸಭೆ ನಿಟ್ಟುಸಿರು ಬಿಟ್ಟಿತು. ನನ್ನ ಕಥೆ ಮುಗಿಯಿತು, ಆಟದಂಗಳವೂ ಮುಗಿಯಿತು ಎಂದುಕೊಂಡೆ. ಆಗ ಎಸ್ಕೊ ಗಂಟಲು ಸರಿಮಾಡಿಕೊಂಡ.

"ಆಗಿದ್ದು ಆಯ್ತು. ಮೂರಲಾದವರು ದಿನಾ ಬರ್ತಾರೆ. ತಡೆಯೋಕೆ ಕಾನೂನಿಲ್ಲ. ಆದ್ರೆ ಅಲ್ಲಿ ತಟ್ಟೆ ಹಾರ್ತಾ ಇದ್ರೆ? ಬಗ್ಗಿದವನ ಬೆನ್ನಿಗೆ ಬೀಳಲ್ವಾ?"

ಎಲ್ಲರ ಮುಖ ಅರಳಿತು. "ಹಾಕ್ರಪ್ಪ ಬುಟ್ಟಿ!" "ನನ್ನ ಜಾಗದಲ್ಲೇ ಹಾಕಿ, ಮೊದಲು!" ಎಂಬ ಕೂಗೆದ್ದಿತು. ಏಳು ಅಳಿಲುಗಳೂ ಒಂದೇ ಏಟಿಗೆ ಹಾರಿಹೋದವು. ಒಂಬತ್ತು ಬುಟ್ಟಿಗೂ ಸರ್ವಾನುಮತದ ಒಪ್ಪಿಗೆ! ಮುಂದಿನ ಶನಿವಾರದಿಂದಲೇ ಊರಿಗೆ ಊರೇ ಗುದ್ದಲಿ ಹಿಡಿದು ಬಂತು. ಒನೆರ್ವಜ್ಜಿ ಎಲ್ಲರಿಗೂ ಬಟಾಣಿ ಸಾರು ಬಡಿಸಿದರು, ನನಗೊಬ್ಬನಿಗೆ ಅರ್ಧ ಸೌಟು. ಪರವಾಗಿಲ್ಲ! ಹೇಳಿದಂತೆ ಊರನ್ನು ಬುಟ್ಟಿಗೆ ಹಾಕಿಕೊಂಡಿದ್ದೆ.

ಒಂದೇ ಕೊರಗು ಉಳಿಯಿತು. ಹಿಲ್ಕಳ ಗುಟ್ಟನ್ನೂ ಬೀದಿಪಾಲು ಮಾಡಿದೆನಲ್ಲ! ಇಪ್ಪತ್ತಾರು ವರ್ಷ ಅವಳು ತಂದ ಅಣಬೆಯನ್ನು ಬೆಣ್ಣೆಯಲ್ಲಿ ಹುರಿಸಿಕೊಂಡು ತಿಂದವನು ನಾನು. ಪ್ರಾಯಶ್ಚಿತ್ತವಾಗಿ ಈ ಆಗಸ್ಟಿನಲ್ಲಿ, ಮೂರಲಾದವರು ಬರುವ ಮೊದಲೇ ಏಳನೇ ಬುಟ್ಟಿಯ ಬುಡಕ್ಕೆ ಹೋಗಿ, ಜೀವನದಲ್ಲಿ ಮೊದಲ ಬಾರಿಗೆ ಕೆಳಗೆ ನೋಡಿದೆ. ಪೊದೆ ಸರಿಸಿದೆ. ಪಾಚಿ ಎತ್ತಿದೆ. ಒಂದೇ ಒಂದು ಅಣಬೆ ಇಲ್ಲ! ಇದ್ದದ್ದು ಸುರುಳಿ ಸುತ್ತಿಕೊಂಡು ನನ್ನನ್ನೇ ನೋಡುತ್ತಿದ್ದ ಒಂದು ಹಾವು!

ಒಂಬತ್ತೂ ಬುಟ್ಟಿ ದಾಟಿ ಓಡಿ ಮನೆ ಸೇರಿದೆ. ಬುಟ್ಟಿ ತುಂಬ ಹಳದಿ ಅಣಬೆ ಇಟ್ಟುಕೊಂಡು ಹಿಲ್ಕ ಮೆಟ್ಟಿಲ ಮೇಲೆ ಕುಳಿತಿದ್ದಳು.

"ಅಲ್ಲಿ ನಿಜವಾಗ್ಲೂ ಹಾವಿದೆ ಕಣೆ!"

"ಅದನ್ನೇ ಅಲ್ವಾ ನಾನು ಬರೆದು ಕೊಟ್ಟಿದ್ದು? ನಿನ್ನ ಕಾಲಿಗೆ ಕಚ್ಚದಿರಲಿ ಅಂತ."

"ಹಾಗಾದ್ರೆ... ನಿನ್ನ ಅಣಬೆ ಜಾಗ?"

"ಅಣಬೆ ಇರೋ ಕಡೆ ಯಾರಾದ್ರೂ ಹೆಸರು ಬರೆದು ಸಹಿ ಹಾಕ್ತಾರಾ?"

ಊರಿಗೆ ಊರೇ ಸುಳ್ಳು ಹೇಳಿದಾಗ ನಿಜ ಹೇಳಿದ್ದವಳು ಇವಳೊಬ್ಬಳೇ. ಗುಟ್ಟು ಉಳಿದದ್ದೂ ಇವಳದೊಂದೇ! ಚಾಕು ತಂದು ಅಣಬೆ ಬಿಡಿಸಲು ಕುಳಿತೆ. ಕೇಳದೆ ತಡೆಯಲಾಗಲಿಲ್ಲ.

"ನಾನು ಸಾಯೋ ಹೊತ್ತಿಗಾದ್ರೂ ಹೇಳ್ತೀಯಾ, ಹಿಲ್ಕ?"

"ಹೇಳ್ತೀನಿ," ಎಂದಳು. "ಆದ್ರೆ ಲೈಬ್ರರಿ ಬಾಗಿಲು ಹಾಕಿದ ಮೇಲೆ!"