ಮಗಳ ಜೀನು, ಆಂಟಿಯ ಖರ್ಜೂರ

ನಾನು ಅಮೆರಿಕದ ಸಾಂಟಾ ಕ್ಲಾರಾದ ಒಂದು ಹೋಟೆಲಿನಲ್ಲಿ ದೋಸೆ ಹಾಕುತ್ತೇನೆ. ಓದಿದ್ದು ಏಳನೇ ಕ್ಲಾಸು. ಆದರೂ ಮಗಳ ರಕ್ತದ ಕಾಯಿಲೆ ಗೊತ್ತಾದಾಗಿನಿಂದ ಈ ಜೀನಿನ ವಿಷಯಕ್ಕೆ ಏನಾದರೊಂದು ಎಡವಟ್ಟು ಆಗುತ್ತಲೇ ಇದೆ.

ಯಾರ ಕಡೆಯದು

ಹೆಂಡತಿ ತೀರಿಕೊಂಡು ಮೂರು ತಿಂಗಳಾಗಿತ್ತು. ಹದಿನಾಲ್ಕರ ಮಗಳು ಮೆಟ್ಟಿಲು ಹತ್ತಿದರೆ ಏದುಸಿರು ಬಿಡುತ್ತಿದ್ದಳು. ಡಾಕ್ಟರು ಮೈಸೂರಿನವರು. 'ಇದು ಥಲಸ್ಸೇಮಿಯಾ, ರಕ್ತ ಸರಿಯಾಗಿ ಆಗದ ಕಾಯಿಲೆ. ಕೆಟ್ಟ ಜೀನು ನಿಮ್ಮಿಂದ ಒಂದು, ತಾಯಿಯಿಂದ ಒಂದು ಬಂದಿದೆ' ಅಂದರು.

ನನ್ನವಳು ಇದ್ದಾಗ ಮಗಳ ಹಟ, ಸೋಮಾರಿತನ, ಚಪ್ಪಟೆ ಮೂಗು, ಎಲ್ಲ ನನ್ನ ಕಡೆಯದೇ ಅನ್ನುತ್ತಿದ್ದಳು.

'ಸಾರ್, ಅರ್ಧ ಅವಳದು ಅಂತ ಒಂದು ಕಾಗದದಲ್ಲಿ ಬರೆದುಕೊಡಿ.'

'ಇನ್ಶೂರೆನ್ಸಿಗಾ?'

'ಅಲ್ಲ. ಅವಳ ಫೋಟೋ ಮುಂದೆ ಇಡೋಕೆ.'

ಮುಚ್ಚಿದ ಪುಟ

ಡಾಕ್ಟರು ಮಾತ್ರೆ ಕೊಟ್ಟರು. ಕೆಲವರಿಗೆ ಹಿಡಿಯುತ್ತೆ, ಕೆಲವರಿಗಿಲ್ಲ. ಹಿಡಿಯದಿದ್ದರೆ ತಿಂಗಳು ತಿಂಗಳು ರಕ್ತ ಏರಿಸಬೇಕು. ನಾಲ್ಕು ತಿಂಗಳು ನೋಡೋಣ ಅಂದರು.

ಬರ್ಕ್ಲಿ ಯೂನಿವರ್ಸಿಟಿಯಲ್ಲಿ ಜೀನಿನ ಸಂಶೋಧನೆ ಮಾಡುವ ಕನ್ನಡದ ಹುಡುಗಿ ಒಬ್ಬಳು ದೋಸೆಗೆ ಕಾಯುತ್ತಿದ್ದಳು. ಈ ಮಾತ್ರೆ ಏನು ಮಾಡುತ್ತೆ ಅಂತ ಅವಳನ್ನು ಕೇಳಿದೆ.

'ಅಂಕಲ್, ಜೀನು ಅಂದ್ರೆ ಅಡುಗೆ ಪುಸ್ತಕದ ಪುಟ. ಹೊಟ್ಟೇಲಿರೋ ಮಗು ಬೇರೆ ಪುಟ ನೋಡಿ ರಕ್ತ ಮಾಡುತ್ತೆ. ಹುಟ್ಟಿದ ಮೇಲೆ ಆ ಪುಟ ಮುಚ್ಚಿಹೋಗುತ್ತೆ. ಮಾತ್ರೆ ಅದನ್ನ ಮತ್ತೆ ತೆರೆಸುತ್ತೆ. ಆಗ ಪುಟದಿಂದ ನಕಲು ಜಾಸ್ತಿ ಹೊರಡುತ್ತೆ, ನಿಮ್ಮ ಆರ್ಡರ್ ಸ್ಲಿಪ್ಪಿನ ಹಾಗೆ. ಸ್ಲಿಪ್ಪು ಜಾಸ್ತಿ ಬಂದ್ರೆ ದೋಸೆ ಜಾಸ್ತಿ.'

'ಇಲ್ಲಮ್ಮ. ಭಾನುವಾರ ಸ್ಲಿಪ್ಪು ರಾಶಿ ಬೀಳುತ್ತೆ. ದೋಸೆ ಜಾಸ್ತಿ ಆಗಲ್ಲ. ಕಾವಲಿ ಮುಂದೆ ನಾನೊಬ್ಬನೇ ಅಲ್ವಾ?'

ಅವಳು ನನ್ನನ್ನೇ ನೋಡಿದಳು. 'ಇದೇ ಪ್ರಶ್ನೆಗೆ ನಮ್ಮ ಲ್ಯಾಬಲ್ಲಿ ಎರಡು ವರ್ಷದಿಂದ ಒದ್ದಾಡ್ತಿದೀವಿ. ಅದಿರಲಿ, ನನ್ನ ಸ್ಲಿಪ್ಪು ಎಷ್ಟನೇದು?'

ಖರ್ಜೂರ

ಪಕ್ಕದ ಅಪಾರ್ಟ್‌ಮೆಂಟಿನ ಆಂಟಿ, 'ರಕ್ತ ಕಮ್ಮಿ ಅಂದರೆ ಕಬ್ಬಿಣಾಂಶ ಬೇಕು' ಅಂತ ಮಗಳಿಗೆ ವಾರ ವಾರ ಡಬ್ಬಿ ತುಂಬ ಖರ್ಜೂರ ಕೊಡುತ್ತಿದ್ದರು. ಡಾಕ್ಟರು ಬೈದರು. 'ಈ ಕಾಯಿಲೇಲಿ ಕಬ್ಬಿಣ ಮೊದಲೇ ಮೈಯಲ್ಲಿ ಹೆಚ್ಚಾಗುತ್ತೆ. ಕೊಡಬೇಡಿ.'

ಆಂಟಿಗೆ ಬೇಡ ಅನ್ನೋಕೆ ಬಾಯಿ ಬರಲಿಲ್ಲ. ನನ್ನವಳ ಕೊನೆ ದಿನಗಳಲ್ಲಿ ಗಂಜಿ ಮಾಡಿ ತಂದವರು ಅವರೇ. ಖರ್ಜೂರವನ್ನು ಹೋಟೆಲಿನ ಮಸಾಲ ಪುರಿಯ ಸಿಹಿ ಚಟ್ನಿಗೆ ಹಾಕಿಬಿಡುತ್ತಿದ್ದೆ.

ನಾಲ್ಕು ತಿಂಗಳಾಯಿತು. ರಿಪೋರ್ಟು ಬಂತು. ಮಾತ್ರೆ ಹಿಡಿದಿತ್ತು. ಹಿಮೋಗ್ಲೋಬಿನ್ ಏರಿತ್ತು. ರಕ್ತ ಏರಿಸೋದು ಸದ್ಯಕ್ಕೆ ಬೇಡ ಅಂದರು ಡಾಕ್ಟರು. ಅಪ್ಪ ಮಗಳು ನೇರ ಆಂಟಿ ಮನೆಗೆ ಹೋದೆವು.

ವಿಷಯ ಹೇಳಿದ್ದೇ ತಡ, ಆಂಟಿ ಕೈ ತಟ್ಟಿದರು. 'ನೋಡಿದ್ರಾ, ನನ್ನ ಖರ್ಜೂರ!'

ನಾನು ತಲೆಯಾಡಿಸಿದೆ. ಮಗಳು ಸುಮ್ಮನಿರಲಿಲ್ಲ. 'ಆಂಟಿ, ಅದು ನಾನ್ ತಿಂದೇ ಇಲ್ಲ. ಶನಿವಾರ ಅಪ್ಪನ ಹೋಟೆಲಲ್ಲಿ ಮೂರ್ ಮೂರ್ ಸಲ ಸಿಹಿ ಚಟ್ನಿ ಹಾಕಿಸ್ಕೊತೀರಲ್ಲ, ಅದರಲ್ಲಿತ್ತು.'

ನನಗೆ ನೆಲ ನೋಡುವ ಹಾಗಾಯಿತು. ಆಂಟಿ ಯೋಚನೆ ಮಾಡಿದರು.

'ಅದಕ್ಕೇ ಈ ಸಲ ನನ್ನ ಹಿಮೋಗ್ಲೋಬಿನ್ ಹದಿನಾಲ್ಕು ಬಂದಿದ್ದು! ಇರಿ, ನಾಳೆ ಇನ್ನೆರಡು ಡಬ್ಬಿ ಕೊಡ್ತೀನಿ.'