ಗುರುವಾರದ ಆಜೋಬಾ

ಸಾತಲಿಂಗಪ್ಪನ ವಯಸ್ಸಿಗೆ ಇಪ್ಪತ್ತು ವರ್ಷ ಕೂಡಿಸಿದ್ದು ಮರಾಠಿ ಅಂಕಿಗಳು. ಸೋಲಾಪುರದಲ್ಲಿ ಹುಟ್ಟಿ, ಚಾದರದ ಅಂಗಡಿ ಇಟ್ಟು, ಜಗಳ, ಚೌಕಾಸಿ ಎರಡನ್ನೂ ಮರಾಠಿಯಲ್ಲಿ ಸರಾಗವಾಗಿ ಮಾಡುತ್ತಿದ್ದರೂ ಎಣಿಸುವುದು ಮಾತ್ರ ಅವನು ಕನ್ನಡದಲ್ಲಿಯೇ. ಆಧಾರ ಕಾರ್ಡಿನ ಕ್ಯಾಂಪಿನಲ್ಲಿ ಹುಟ್ಟಿದ ಇಸವಿ ಕೇಳಿದಾಗ ಅರವತ್ತೇಳಕ್ಕೆ ‘ಸದುಸಷ್ಟ’ ಎನ್ನಬೇಕೆಂಬುದು ನೆನಪಾಗದೆ, ಹತ್ತಿರದಲ್ಲಿ ಸಿಕ್ಕ ‘ಸತ್ತೇಚಾಳೀಸ’ ಎಂದುಬಿಟ್ಟ. ಅದು ನಲವತ್ತೇಳು. ಹೀಗೆ ಐವತ್ತೆಂಟರ ಸಾತಲಿಂಗಪ್ಪ ಕಾರ್ಡಿನ ಮೇಲೆ ಎಪ್ಪತ್ತೆಂಟಾಗಿದ್ದ. ನಲವತ್ತಕ್ಕೇ ಹತ್ತಿಯಂತೆ ಬೆಳ್ಳಗಾದ ತಲೆ ಅದಕ್ಕೆ ಸಾಕ್ಷಿ ನಿಂತಿತು.

ಎಪ್ಪತ್ತೈದು ದಾಟಿದವರಿಗೆ ಸರಕಾರಿ ಎಸ್.ಟಿ. ಬಸ್ಸು ಪುಕ್ಕಟೆ ಎಂದಾದ ಮೇಲೆ ತಪ್ಪು ತಿದ್ದಿಸುವ ಮಾತೇ ಹಿಂದೆ ಬಿತ್ತು. ಆದರೆ ಅವನನ್ನು ನಿಜವಾಗಿ ಕೆಡಿಸಿದ್ದು ಪುಕ್ಕಟೆ ತಿಕೀಟಲ್ಲ, ಪುಕ್ಕಟೆ ಹೊಗಳಿಕೆ. ಪ್ರತಿ ಗುರುವಾರ ಹೆಂಡತಿ ಪಾರ್ವತಿಬಾಯಿಯೊಡನೆ ಅಕ್ಕಲಕೋಟದ ಸ್ವಾಮಿಗಳ ದರ್ಶನಕ್ಕೆ ಹೊರಟಾಗ ಕಂಡಕ್ಟರ್ ನಾಗಪ್ಪ ಕಾರ್ಡು ಎತ್ತಿ ಹಿಡಿದು ಮರಾಠಿಯಲ್ಲಿ ಅಜ್ಜನಿಗೆ ಅನ್ನುವಂತೆ ‘ಆಜೋಬಾ’ ಎಂದು ಕರೆದು, ಇಡೀ ಬಸ್ಸಿಗೆ ಕೇಳುವಂತೆ ಹೇಳುತ್ತಿದ್ದ.

"ನೋಡ್ರಿ ನಮ್ಮ ಆಜೋಬಾನ್ನ. ಎಪ್ಪತ್ತೆಂಟ. ಒಂದ ಹಲ್ಲ ಬಿದ್ದಿಲ್ಲ. ಬೆನ್ನಂತೂ ಲೈಟಿನ ಕಂಬ ಇದ್ದಂಗ ಐತಿ."

"ತಿನ್ನೂದು ಏನರಿ ಆಜೋಬಾ?" ಎಂದು ಯಾರಾದರೂ ಕೇಳುತ್ತಿದ್ದರು.

"ಜ್ವಾಳದ ರೊಟ್ಟಿ, ಶೇಂಗಾ ಚಟ್ನಿ. ಮತ್ತ ಹೆದರಿಕಿ ಅನ್ನೂದು ತಿಂದಿಲ್ಲ ನೋಡ್ರಿ," ಎಂದು ಸಾತಲಿಂಗಪ್ಪ ಅಂಗೈಯಲ್ಲಿ ತಂಬಾಕು ತಿಕ್ಕುತ್ತಿದ್ದ. ನಾಗಣಸೂರಿನ ಸಕ್ಕುಬಾಯಿ ಎಪ್ಪತ್ತರ ಮುದುಕಿ. ಅವಳು ಬಸ್ಸು ಹತ್ತಿದ ಕೂಡಲೇ ಅವನ ಕಾಲು ಮುಟ್ಟಿ ನಮಸ್ಕಾರ ಮಾಡುತ್ತಿದ್ದಳು. ಆ ಹೊತ್ತಿಗೆ ಪಾರ್ವತಿಬಾಯಿ ನಗು ಬಯಲಾದೀತೆಂದು ಕಿಟಕಿಯ ಕಡೆ ತಿರುಗಿಬಿಡುತ್ತಿದ್ದಳು.

ಆ ಗುರುವಾರ ಅಕ್ಕಲಕೋಟದಲ್ಲಿ ಇಳಿಯುವಾಗ ಸಕ್ಕುಬಾಯಿಯ ಅಕ್ಕಿ ಚೀಲಕ್ಕೆ ನಾಗಪ್ಪ ಕೈ ಹಾಕಿದ.

"ಬಾಜೂಕ ಸರಿ ನಾಗಪ್ಪಾ, ಈಗಿನ ಹುಡುಗರ ಕೈಲೆ ಆಗೂದಲ್ಲ," ಎಂದು ಸಾತಲಿಂಗಪ್ಪ ಮುಂದೆ ಬಂದ.

"ಸುಮ್ಮನಿರ್ರಿ," ಎಂದಳು ಪಾರ್ವತಿಬಾಯಿ.

ಬಸ್ಸಿಗೆ ಬಸ್ಸೇ ಎದ್ದು ನಿಂತು ನೋಡುತ್ತಿರುವಾಗ ಸುಮ್ಮನಿರುವುದು ಯಾವ ಗಂಡಸಿಗೆ ಸಾಧ್ಯ? ಚೀಲ ಹೆಗಲೇರಿತು. ಒಂದು ಮೆಟ್ಟಿಲು ಇಳಿದ. ಎರಡನೆಯದರಲ್ಲಿ ಬೆನ್ನಿನ ನಡುವೆ ಪರ್ರನೆ ಏನೋ ಹರಿಯಿತು. ಚಾದರದ ವ್ಯಾಪಾರಿಗೆ ಆ ಸದ್ದು ಗೊತ್ತು. ಚೀಲದೊಂದಿಗೆ ಅವನೂ ಕುಸಿದು ಕುಳಿತ.

ನಾಗಪ್ಪ, ಸಕ್ಕುಬಾಯಿ, ಪಾರ್ವತಿಬಾಯಿ ಮೂವರೂ ಸೇರಿ ರಿಕ್ಷಾದಲ್ಲಿ ಹಾಕಿಕೊಂಡು ಹತ್ತಿರದ ಆಸ್ಪತ್ರೆಗೆ ಒಯ್ದರು. ಡಾಕ್ಟರ್ ದೀಪಾಲಿ ಒಂದು ಕೈಯ ಬಿ.ಪಿ. ನೋಡಿದಳು, ಇನ್ನೊಂದು ಕೈಯದನ್ನು ನೋಡಿದಳು, ಮತ್ತೆ ಮೊದಲಿನದಕ್ಕೆ ಬಂದಳು.

"ಎರಡೂ ಕೈಯಾಗ ಬ್ಯಾರೆ ಬ್ಯಾರೆ ಬರಾಕತ್ತೇತಿ. ಎದಿಯಿಂದ ಹೊಟ್ಟಿಗೆ ಇಳಿಯೂ ದೊಡ್ಡ ರಕ್ತನಾಳ ಇರ್ತದಲ್ರಿ, ಅದರ ಒಳಗಿನ ಪದರ ಹರದದೇನೋ ಅಂತ ಸಂಶಯ. ಈಗ ಸ್ಕ್ಯಾನ್ ಮಾಡೂಣು. ವಯಸ್ಸೆಷ್ಟು?"

"ಎಪ್ಪತ್ತೆಂಟ," ಎಂದರು ನಾಗಪ್ಪ, ಸಕ್ಕುಬಾಯಿ ಒಟ್ಟಿಗೆ, ತಮ್ಮ ಹೊಲದಲ್ಲಿ ಬೆಳೆದ ಕುಂಬಳಕಾಯಿಯ ತೂಕ ಹೇಳುವವರಂತೆ.

ಡಾಕ್ಟರ ದನಿ ಒಮ್ಮೆಲೇ ಮೆತ್ತಗಾಯಿತು. ರೋಗಿಗೆ ನಡುಕ ಹುಟ್ಟಿಸುವಷ್ಟು ಮೆತ್ತಗೆ.

"ನಂದು ಚಾದರದ ಅಂಗಡಿ, ನನಗ ತಿಳಿಯೂ ಹಂಗ ಹೇಳ್ರಿ. ವಯಸ್ಸಿಗೂ ಇದಕ್ಕೂ ಏನ ಸಂಬಂಧ?" ಎಂದ ಸಾತಲಿಂಗಪ್ಪ.

"ಚಾದರದ ಅಂಗಡಿ ಅಂದ್ರಲ್ಲ, ಹಂಗ ಹೇಳ್ತೀನಿ. ವಯಸ್ಸಾದವರ ನಾಳ ಗಂಜಿ ಹಾಕಿದ ಬಟ್ಟಿಯಂಗ ಬಿರುಸು. ಹರದ್ರೂ ಭಾಳ ಸಲ ನಡಕ ನಿಂದರ್ತದ. ಸಣ್ಣ ವಯಸ್ಸಿನವರದು ಮೆತ್ತಂದು, ಹರಿಯಾಕ ಹತ್ತಿದ್ರ ಹೊಟ್ಟಿ ತನಕಾ ಹರಕೋತ ಹೋಗ್ತದ."

"ಹಂಗಾದ್ರ ನಾ ಪಾರಾದೆ ಅನ್ರಿ."

"ಅಲ್ಲಿ ತೊಡಕದ ಆಜೋಬಾ. ಹರಕ ಸಣ್ಣದಿದ್ರೂ ಎಪ್ಪತ್ತೆಂಟರ ದೇಹ ಆಪರೇಶನ್ ತಡಕೊಳ್ಳೂದು ಕಷ್ಟ. ಕತ್ರಿ ಹಚ್ಚೂ ಮೊದಲ ದೊಡ್ಡ ಡಾಕ್ಟರೂ ಹಿಂದ ಮುಂದ ನೋಡ್ತಾರ. ಐವತ್ತು, ಅರವತ್ತರವರಾಗಿದ್ರ ನಾ ಈಗಿಂದೀಗ ಸೋಲಾಪುರಕ್ಕ ಫೋನ್ ಹಚ್ಚಿ ಆಪರೇಶನ್ನಿಗೆ ತಯಾರಿ ಇಡ್ರಿ ಅಂತಿದ್ದೆ."

ಎಪ್ಪತ್ತೆಂಟೆಂದರೆ ಹೊಲಿಯುವವರಿಲ್ಲ. ಐವತ್ತೆಂಟೆಂದರೆ ಹೊಟ್ಟೆಯ ತನಕ ಹರಕು. ಸಾತಲಿಂಗಪ್ಪ ಮಂಚದ ಕಾಲ್ದೆಸೆಯಲ್ಲಿ ಕೈ ಮುಗಿದು ನಿಂತಿದ್ದ ಸಕ್ಕುಬಾಯಿಯನ್ನು ನೋಡಿದ.

"ಹೇಳ್ರಿ," ಎಂದಳು ಪಾರ್ವತಿಬಾಯಿ. ಅವಳ ಕಣ್ಣು ತುಂಬಿತ್ತು. "ನಿಮ್ಮ ದಿಮಾಕಿಗೆ ನನ್ನ ಕುಂಕುಮ ಒತ್ತಿ ಇಡಬ್ಯಾಡ್ರಿ."

"ಡಾಕ್ಟರಬಾಯಿ," ಎಂದ ಅವನು, "ಐವತ್ತೆಂಟ."

"ಏನು ಐವತ್ತೆಂಟು?"

"ನಾನ ರಿ. ಆಧಾರ ಕಾರ್ಡಿನಾಗ ತಪ್ಪ ಬಿದ್ದೇತಿ."

ಸಕ್ಕುಬಾಯಿ ಮುಗಿದ ಕೈ ಇಳಿಸಿ, ಸೆರಗಿಗೆ ಒರೆಸಿಕೊಂಡಳು.

"ಎಪ್ಪತ್ತ ಮುಗದಾವ ನನಗ. ವಾರಾ ವಾರಾ ಈ ಹುಡುಗನ ಕಾಲ ಬಿದ್ದೇನಲ್ಲೋ ಯಪ್ಪಾ."

ನಾಗಪ್ಪ ಅವನನ್ನು ಅಡಿಯಿಂದ ಮುಡಿಯ ತನಕ ಹೊಸದಾಗಿ ನೋಡಿದ. "ಐವತ್ತೆಂಟಕ್ಕ ಹಿಂಗ ಸೊರಗ್ಯಾನಲ್ರಿ. ಹಲ್ಲ ನೋಡ್ರಿ, ತಂಬಾಕ ತಿಂದು ಕರ್ರಗಾಗ್ಯಾವ. ಬೆನ್ನರ ನೆಟ್ಟಗ ಐತೇನು?"

ಹಲ್ಲು ಅವೇ, ಬೆನ್ನೂ ಅದೇ. ಲೆಕ್ಕದಿಂದ ಇಪ್ಪತ್ತು ವರ್ಷ ಕಳೆದ ಮೇಲೆ ಹೊಗಳುವಂಥದ್ದು ಯಾವುದೂ ಉಳಿಯಲಿಲ್ಲ.

ದೀಪಾಲಿ ಮಾತ್ರ ಬಯ್ಯುತ್ತ ಕೂರಲಿಲ್ಲ. ಸೋಲಾಪುರಕ್ಕೆ ಫೋನು ಹಚ್ಚಿ, ಇವನನ್ನು ಸ್ಕ್ಯಾನಿನ ಕೋಣೆಗೆ ತಳ್ಳಿದಳು. ಹೊರಗೆ ಪಾರ್ವತಿಬಾಯಿ ಸ್ವಾಮಿಗಳಿಗೆ ಏನೇನು ಹರಕೆ ಹೊತ್ತಳೋ ಅವಳಿಗೇ ಗೊತ್ತು. ಕೊನೆಗೆ ಡಾಕ್ಟರು ನಗುತ್ತಲೇ ಬಂದಳು.

"ನಾಳ ಹರದಿಲ್ಲ. ಬೆನ್ನಿನ ಸ್ನಾಯು ಜಗ್ಗೇತಿ, ಅಷ್ಟ." ಮತ್ತೊಮ್ಮೆ ಚಿತ್ರ ನೋಡಿದಳು. "ಖರೆ ವಯಸ್ಸು ಎಷ್ಟಂದ್ರಿ?"

"ಐವತ್ತೆಂಟ ರಿ, ಸ್ವಾಮಿಗಳಾಣಿ."

"ನಿಮ್ಮ ನಾಳಕ್ಕ ಯಾರೂ ತಿಳಿಸಿಲ್ಲ ಅನಸ್ತದ. ಒಳಗ ಗ್ವಾಡಿಗೆ ಸುಣ್ಣ ಬಳದಂಗ ಬಿರುಸಾಗೇತಿ. ಒಂದ ಕೈಗೆ ಹೋಗೂ ನಾಳ ಸಣ್ಣಾಗೇತಿ, ಅದಕ್ಕ ಬಿ.ಪಿ. ಬ್ಯಾರೆ ಬಂತು. ಇವತ್ತಿಂದ ತಂಬಾಕು ಬಂದ್. ಗುಳಗಿ ತಪ್ಪಿಸಬ್ಯಾಡ್ರಿ. ಆಧಾರದವರು ಖರೇನ ಬರದಾರ. ಒಳಗ ನೀವು ಪೂರಾ ಎಪ್ಪತ್ತೆಂಟ."

ಸಂಜೆ ಸೋಲಾಪುರದ ಬಸ್ಸಿನಲ್ಲಿ ಅದೇ ನಾಗಪ್ಪ. ಸಾತಲಿಂಗಪ್ಪ ಕಾರ್ಡು ತೆಗೆಯಲಿಲ್ಲ, ಸ್ಕ್ಯಾನಿನ ಫಿಲ್ಮು ತೆಗೆದು ಬೆಳಕಿಗೆ ಹಿಡಿದ.

"ನಾಗಪ್ಪಾ, ಡಾಕ್ಟರಬಾಯಿನ ಹೇಳ್ಯಾರ. ಒಳಗ ನಾ ಎಪ್ಪತ್ತೆಂಟ."

ನಾಗಪ್ಪ ಫಿಲ್ಮನ್ನು ಗಂಭೀರವಾಗಿ ತಿರುಗಿಸಿ ಮುರುಗಿಸಿ ನೋಡಿ, ಯಂತ್ರದಿಂದ ತಿಕೀಟು ಹರಿದ.

"ಒಳಗಿನ ಆಜೋಬಾಗ ಪುಕ್ಕಟ. ಹೊರಗಿನವಂಗ ಪೂರಾ ತಿಕೀಟ. ಮತ್ತ ತಮ್ಮಾ, ಏಳು, ಅದು ಹಿರಿಯರ ಸೀಟ."

ಅವನು ಬೆನ್ನು ಹಿಡಿದುಕೊಂಡು ಎದ್ದು ನಿಂತ. ಪಾರ್ವತಿಬಾಯಿ ಈ ಸಲ ನಗು ಮುಚ್ಚಲು ಕಿಟಕಿಯ ಕಡೆ ತಿರುಗಲಿಲ್ಲ.